ಗರುಡನ ಬಂಡೆಯ ದನಿ

ನಸುಕಿನಲ್ಲಿ ಎದ್ದು ಇಪ್ಪತ್ತು ರೊಟ್ಟಿ ಬಡಿದು, ಮಗಳ ಜಡೆ ಹೆಣೆದು, ಕಟಕೋಳದಿಂದ ಮೊದಲ ಬಸ್ಸು ಹಿಡಿದು ಗಿಣಿಕೊಳ್ಳದ ಗೇಟಿಗೆ ಬಂದಿಳಿದಾಗ ಕೆಂಪವ್ವನ ಕಣ್ಣುಗಳು ನಿದ್ದೆಗೆಟ್ಟು ಉರಿಯುತ್ತಿದ್ದವು. ಮನಸ್ಸು ಮಾತ್ರ ಗಟ್ಟಿಯಾಗಿತ್ತು. ಇವತ್ತು ಅವಳ ಪರೀಕ್ಷೆ. ಕೊಳ್ಳ ನೋಡಲು ಬರುವವರನ್ನು ಕರೆದುಕೊಂಡು ಹೋಗುವ ಗೈಡ್ ಕೆಲಸಕ್ಕೆ ಅವಳೂ ಸೇರಿ ಮೂವರು ಅರ್ಜಿ ಹಾಕಿದ್ದರು. ಪಾಸಾದರೆ ಇಟ್ಟಂಗಿ ಭಟ್ಟಿಯ ಕೂಲಿ ಬಿಟ್ಟು ತಿಂಗಳ ಪಗಾರದ ಕೆಲಸ. ಮಗಳು ಸಾಲೆಯಿಂದ ಬರುವ ಹೊತ್ತಿಗೆ ಮನೆ ಸೇರಬಹುದು.

ವನ್ಯಧಾಮದ ಅಧಿಕಾರಿ ಮಿಲಿಂದ ಕೈಯಲ್ಲಿ ಹಾಳೆ ಹಿಡಿದು ನಿಂತಿದ್ದರು. ಅದರಲ್ಲಿ ಹತ್ತು ಅಂಶಗಳು, ಒಂದೊಂದಕ್ಕೂ ಅಂಕ. ಪರೀಕ್ಷೆಗೆ ಸಿಕ್ಕ ಪ್ರವಾಸಿಗರು ಮೂರೇ ಜನ: ರಾಮದುರ್ಗದ ನಿವೃತ್ತ ತಬಲಾ ಮಾಸ್ತರ ವೆಂಕಣ್ಣ, ಅವರ ಹೆಂಡತಿ ರಾಧಾಬಾಯಿ, ಕ್ಯಾಮೆರಾ ತೂಗಿಹಾಕಿಕೊಂಡ, ಮಾಸ್ತರರ ತಂಗಿಯ ಮಗ ಅಭಯ.

"ಬಿಸಿಲು ಏರೂದ್ರಾಗ ಎಡಗಡೆ ನೆರಳು ಹಿಡಕೊಂಡು ಹೋಗೂಣು ಬರ್ರಿ," ಎಂದು ಕೆಂಪವ್ವ ಒಣಹಳ್ಳಕ್ಕೆ ಇಳಿದೇಬಿಟ್ಟಳು. ಎರಡೂ ಕಡೆ ಕೆಂಪು ಕಲ್ಲಿನ ಗೋಡೆ, ರೊಟ್ಟಿ ಒಟ್ಟಿದ ಹಾಗೆ ಪದರು ಪದರಾಗಿ ಎದ್ದಿತ್ತು. ಪೊಟರೆಗಳಿಂದ ಗಿಣಿಗಳು ಬೈಯುತ್ತಿದ್ದವು.

"ಈ ಕಲ್ಲು ಒಂದ ಕಾಲಕ್ಕ ಮರಳಿತ್ರಿ. ನೀರು ಹಾಸಿ ಹಾಸಿ ಹೋದ ಮರಳು. ಸಾಹೇಬ್ರು ಕೊಟ್ಟ ಹಾಳ್ಯಾಗ ಕೋಟಿಗಟ್ಟಲೆ ವರ್ಷ ಅಂತ ಬರದಾರ. ನಾ ಎಣಿಸಿಲ್ಲರಿ."

"ನೀ ಎಣಿಸಿದ್ರ ಸಂಜೀತನಕ ನಾವು ಇಲ್ಲೇ ಕೂಡಬೇಕಾಗ್ತಿತ್ತಲ್ಲಾ!" ಎಂದರು ರಾಧಾಬಾಯಿ. ಮಿಲಿಂದರ ಪೆನ್ನು ಒಂದು ಗುರುತು ಹಾಕಿತು.

ಕೆಂಪವ್ವನ ಸೊಂಟಕ್ಕೆ ಸಣ್ಣ ಸುತ್ತಿಗೆಯೊಂದು ಸಿಕ್ಕಿಸಿತ್ತು. ಅಪ್ಪ ಜಟ್ಟೆಪ್ಪನದು. ಇದೇ ಜಾತಿಯ ಕಲ್ಲಿನಲ್ಲಿ ಜೀವಮಾನವೆಲ್ಲ ಬೀಸುಕಲ್ಲು ಕಡಿದವನು ಅವನು. ಕಡಿಯುವ ಮೊದಲು ಪ್ರತಿ ಕಲ್ಲನ್ನೂ ಬಡಿದು ಕಿವಿಗೊಡುತ್ತಿದ್ದ. ಒಳಗೆ ಬಿರುಕಿದ್ದದ್ದನ್ನು ಮುಟ್ಟುತ್ತಲೇ ಇರಲಿಲ್ಲ. ಹತ್ತು ವರ್ಷದವಳಿದ್ದಾಗಲೇ ಆ ವಿದ್ಯೆ ಕೆಂಪವ್ವನ ಕಿವಿಗೂ ಹತ್ತಿತ್ತು.

ಆರು ಅಂಶ ಮುಗಿದವು, ಆರಕ್ಕೂ ಅಂಕ. ಏಳನೆಯದಕ್ಕೆ ಹಳ್ಳದಿಂದ ಗುಡ್ಡದ ಮೇಲೆ ಹತ್ತಿ ಬಂದರು: ಗರುಡನ ಬಂಡೆ. ಕೊಳ್ಳದ ಮೇಲೆ ಕೊಕ್ಕಿನ ಹಾಗೆ ಚಾಚಿಕೊಂಡ ಚಪ್ಪಟೆ ಕಲ್ಲು ಅದು. ಗೇಟಿನ ಫಲಕದ ಮೇಲಿದ್ದ ಚಿತ್ರವೂ ಅದರದೇ. ಅಭಯ ಆಗಲೇ ಕ್ಯಾಮೆರಾದ ಮುಚ್ಚಳ ತೆಗೆದಿದ್ದ.

ಕೆಂಪವ್ವ ಕೈ ಅಡ್ಡ ಹಿಡಿದಳು. ಬಂಡೆ ಗುಡ್ಡಕ್ಕೆ ಕೂಡುವ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಸುತ್ತಿಗೆಯಿಂದ ಬಡಿದಳು. ಟಣ್. ಒಂದು ಮೊಳ ಮುಂದೆ, ಟಣ್. ಇನ್ನೊಂದು ಮೊಳ. ಅವಳ ಕೈ ಅಲ್ಲಿಯೇ ನಿಂತಿತು. ಮತ್ತೊಮ್ಮೆ ಬಡಿದಳು. ಡಬ್.

"ಇದರ ಮ್ಯಾಲೆ ಹೋಗಾಂಗಿಲ್ರಿ."

"ಏನ್ರೀ ಅಕ್ಕಾರ, ನಾ ಬಂದದ್ದ ಇದಕ್ಕ! ಹ್ವಾದ ತಿಂಗಳ ನಮ್ಮ ಗೆಳ್ಯಾರು ಐದ ಮಂದಿ ನಿಂತು ಫೋಟೋ ಹೊಡಿಸಿಕೊಂಡಾರ," ಎಂದ ಅಭಯ.

"ಅವರ ನಸೀಬ ಚಲೋ ಇತ್ರಿ."

ಮಿಲಿಂದರು ಹಾಳೆ ಮುಂದೆ ಹಿಡಿದರು. "ಕೆಂಪವ್ವ, ಇದು ಪಟ್ಟಿಯೊಳಗ ಐತಿ. ತೋರಿಸ್ಲಿಲ್ಲಂದ್ರ ಅಂಕ ಹೋಗ್ತಾವು. ಪಾಸ್ ಆಗಾಕ ಹತ್ತಕ್ಕ ಹತ್ತೂ ಬೇಕು, ಗೊತ್ತೈತಲ್ಲ?"

ಗೊತ್ತಿತ್ತು. ಭಟ್ಟಿಯ ಬೂದಿ, ಬಿಸಿ ಇಟ್ಟಂಗಿ, ಕತ್ತಲಾದ ಮೇಲೆ ಮನೆಯ ಹೊಸ್ತಿಲಲ್ಲಿ ಕಾಯುತ್ತ ಕೂತ ಮಗಳು, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಕೆಂಪವ್ವ ಎದ್ದು ನಿಂತಳು.

"ನಾಪಾಸ್ ಅಂತ ಬರೀರಿ ಸಾಹೇಬ್ರ. ನನ್ನ ನಂಬಿ ಬಂದವ್ರನ್ನ ಟೊಳ್ಳ ಕಲ್ಲಿನ ಮ್ಯಾಲೆ ನಿಂದರ್ಸೂದಿಲ್ಲ ನಾ."

ಅಷ್ಟರಲ್ಲಿ ವೆಂಕಣ್ಣ ಮಾಸ್ತರರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. "ಇನ್ನೊಮ್ಮೆ ಬಾರಿಸವ್ವಾ."

ಅವಳು ಬುಡದಿಂದ ಬಡಿಯುತ್ತ ಬಂದಳು. ಮೂರನೆಯ ಏಟಿಗೆ ಮಾಸ್ತರರ ಬೆರಳು ಮೇಲೆದ್ದಿತು. "ಹಾಂ, ಇಲ್ಲೇ ದನಿ ಇಳೀತು ನೋಡು. ನನ್ನ ತಬಲಾ ಹಿಂಗ ನುಡಿದಿದ್ರ ನಾ ಬಿಚ್ಚಿ ಇಡತಿದ್ದೆ."

"ತಬಲಾ ಬ್ಯಾರೆ, ಗುಡ್ಡ ಬ್ಯಾರೆ ಮಾಮಾ," ಎಂದ ಅಭಯ.

"ಕಿವಿ ಮ್ಯಾಲೆ ನಂಬಿಕಿಲ್ಲಂದ್ರ ಕಣ್ಣಿಂದನ ನೋಡ್ರೆಲ್ಲಾ, ಬರ್ರಿ," ಎಂದಳು ಕೆಂಪವ್ವ.

ಆಡು ಇಳಿಯುವ ದಾರಿಯೊಂದು ಬಂಡೆಯ ಪಕ್ಕಕ್ಕೆ ಸುತ್ತಿಕೊಂಡು ಕೆಳಗೆ ಹೋಗುತ್ತಿತ್ತು. ರಾಧಾಬಾಯಿ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ ಇಳಿದರು. ಬಂಡೆಯ ನೇರ ಕೆಳಗೆ ಹೋಗಗೊಡದೆ ಕೆಂಪವ್ವ ಅವರನ್ನು ದೂರದಲ್ಲೇ ನಿಲ್ಲಿಸಿ ಸುತ್ತಿಗೆಯ ಹಿಡಿಕೆಯಿಂದ ಮೇಲೆ ತೋರಿಸಿದಳು. ಚಾಚಿದ ಕಲ್ಲಿನ ಹೊಟ್ಟೆಯಲ್ಲಿ ಅಡ್ಡಡ್ಡ ಒಂದು ಸೀಳು. ಅದರೊಳಗೆ ಅತ್ತಿಯ ಸಸಿ ಬೇರು ಬಿಟ್ಟಿತ್ತು. ಒಂದು ಕಡೆಯಿಂದ ಆಕಾಶದ ಬೆಳಕು ತೂರಿ ಆಚೆ ಹಾಯುತ್ತಿತ್ತು, ಬಾಗಿಲ ಸಂದಿಯಲ್ಲಿ ಹಾಯುವ ಹಾಗೆ.

ಅಭಯ ಕ್ಯಾಮೆರಾ ಎತ್ತಿದವನು ಆ ಬೆಳಕಿನ ಫೋಟೋ ತೆಗೆದ. "ನನ್ನ ಗೆಳ್ಯಾರಿಗೆ ಕಳಿಸ್ತೇನಿ," ಎಂದ, ದನಿ ಸಣ್ಣದು ಮಾಡಿ.

ಮಿಲಿಂದರು ಬಹಳ ಹೊತ್ತು ಮೇಲೆಯೇ ನೋಡಿದರು. ಆಮೇಲೆ ಹಾಳೆಯನ್ನು ಮೊಣಕಾಲ ಮೇಲಿಟ್ಟು ಏಳನೆಯ ಸಾಲಿನ 'ಬಂಡೆಯ ಮೇಲಿಂದ ನೋಟ' ಹೊಡೆದುಹಾಕಿ, 'ಬಂಡೆಯನ್ನು ಕೆಳಗಿನಿಂದ ತೋರಿಸುವುದು' ಎಂದು ಬರೆದು, ಅದರ ಮುಂದೆ ಗುರುತು ಹಾಕಿದರು.

"ಮ್ಯಾಲೆ ಇವತ್ತ ಬೇಲಿ ಹಾಕಸ್ತೇನಿ. ನಾಳೆ ಉಳಿದಿಬ್ಬರ ಪರೀಕ್ಷಾ ಐತಿ. ಅದರ ಮೊದಲ ಅವರಿಗೆ ಈ ಬಡಿಯೂದು ಕಲಿಸ್ತೀರೇನು?"

"ಕಲಿಸ್ತೇನ್ರಿ," ಎಂದಳು ಕೆಂಪವ್ವ, ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸುತ್ತ. "ಆದ್ರ ಸುತ್ತಿಗಿ ಅವ್ರವ್ರ ತರ್ಬೇಕು. ಇದನ್ನ ನಾ ಯಾರಿಗೂ ಕೊಡೂದಿಲ್ಲ. ಈಗ ಎಂಟನೇದಕ್ಕ ನಡ್ರಿ, ನೆರಳು ಸರ್ಯಾಕತ್ತೈತಿ."