ಗಾಳಿಯ ಅಳತೆ

ತಾರಸಿಯ ಮೇಲೆ ಗಾಳಿ ಅಳೆಯುವ ಮೀಟರನ್ನು ಎತ್ತಿ ಹಿಡಿದು ನಿಂತು ನಿಂತು ಅವನ ಕೈ ಜೋಮು ಹಿಡಿದಿತ್ತು. ಮನೆಯ ಮೇಲೆ ಗಾಳಿಚಕ್ರ ಹಾಕಿಸಿ ಕರೆಂಟು ಮಾಡಿಕೊಂಡರೆ ಲಾಭವೋ ನಷ್ಟವೋ ಎಂದು ಅಳೆದು ಹೇಳುವುದು ಅವನ ಕೆಲಸ. ಕಂಪನಿಯಲ್ಲಿ ಅದಕ್ಕೆ 'ಗಾಳಿ ಹಿಡಿಯೋದು' ಎನ್ನುತ್ತಿದ್ದರು. ಸುಮ್ಮನೆ ಕಾಯಬೇಕು, ಜೋರುಗಾಳಿ ಬೀಸಿದ ಗಳಿಗೆಗೆ ಗುಂಡಿ ಒತ್ತಬೇಕು. ಮೀಟರಿನಲ್ಲಿ ಉಳಿದ ಆ ಅಂಕಿಯ ಮೇಲೆ ಲೆಕ್ಕ ಹಾಕಿದರೆ ಯಾವ ಮನೆಗಾದರೂ ಲಾಭವೇ.

"ನಾವೇನು ಸುಳ್ಳು ಹೇಳ್ತೀವಾ? ಬೀಸಿದ್ದನ್ನೇ ತಾನೇ ತೋರಿಸೋದು" ಎನ್ನುತ್ತಿದ್ದ ಮೇಲಧಿಕಾರಿ. ಆ ಮಾತಿನ ಹುಳುಕು ಅವನಿಗೂ ಗೊತ್ತಿತ್ತು. ಆದರೆ ಹೊಟ್ಟೆಪಾಡು ಇತ್ತಲ್ಲ, ಬಾಯಿ ಮುಚ್ಚಿಕೊಂಡಿದ್ದ.

ಪಕ್ಕದಲ್ಲಿ ಎದ್ದಿದ್ದ ಎತ್ತರದ ಕಟ್ಟಡ ಈ ತಾರಸಿಗೆ ಬಿಸಿಲನ್ನೂ ಬಿಟ್ಟಿರಲಿಲ್ಲ, ಗಾಳಿಯನ್ನೂ ಬಿಟ್ಟಿರಲಿಲ್ಲ. ಹಗ್ಗದ ಮೇಲೆ ಒಣಹಾಕಿದ್ದ ಹೊದಿಕೆ ಮಿಸುಕದೆ ನೇತಾಡುತ್ತಿತ್ತು. ಕೊನೆಗೊಮ್ಮೆ, ದಾರಿ ತಪ್ಪಿ ಬಂದಂತೆ, ಜೋರುಗಾಳಿಯೊಂದು ನುಗ್ಗಿ ಹೊದಿಕೆಯನ್ನು ಎತ್ತಿ ಒಗೆಯಿತು. ಅಭ್ಯಾಸಬಲದಿಂದ ಅವನ ಹೆಬ್ಬೆರಳು ಗುಂಡಿ ಒತ್ತಿತು.

ಅವನು ಕೆಳಗಿಳಿದು ಬಂದ. ಅಲ್ಲಿ ಇದ್ದುದು ಒಂದೇ ಕೋಣೆ. ಕಿಟಕಿಯ ಬಳಿ ಮನೆಯೊಡತಿಯ ಹೊಲಿಗೆ ಮೆಷಿನ್, ಗೋಡೆಯ ಬಳಿ ಅವಳ ಅತ್ತೆಯ ಮಂಚ. ಅತ್ತೆಯ ಮೂಗಿಗೆ ಸಿಕ್ಕಿಸಿದ್ದ ಕೊಳವೆಯ ಇನ್ನೊಂದು ತುದಿಯಲ್ಲಿ ಉಸಿರಾಟದ ಯಂತ್ರ ಗುರುಗುಟ್ಟುತ್ತಿತ್ತು.

"ಸಿಕ್ತಾ ಗಾಳಿ?" ಎಂದಳು ಹೊಲಿಗೆಯಾಕೆ. "ದಿನಾ ಕರೆಂಟ್ ಹೋಗುತ್ತೆ. ಅತ್ತೆ ಯಂತ್ರಕ್ಕೆ ಬ್ಯಾಟರಿ ಇದೆ, ಅದನ್ನ ತುಂಬಿಸೋಕೂ ಕರೆಂಟೇ ಬೇಕಲ್ಲ. ಈ ಹೊಲಿಗೆ ಮೆಷಿನ್‌ಗೆ ಗಿರಾಕಿ ನೋಡಿಟ್ಟಿದ್ದೀನಿ. ನೀವು ಹೂಂ ಅಂದ್ರೆ ಸಂಜೆನೇ ಮಾರಿ ನಿಮ್ಮ ಕಂಪನಿಗೆ ಕಟ್ತೀನಿ."

"ಆಮೇಲೆ ಹೊಟ್ಟೆಗೆ?"

"ಯಾರದಾದ್ರೂ ಅಂಗಡೀಲಿ ಕೂತು ಹೊಲೀತೀನಿ. ನಾಲ್ಕು ವರ್ಷಕ್ಕೆ ಹಾಕಿದ್ದೆಲ್ಲ ವಾಪಸ್ ಬರುತ್ತೆ ಅಂತ ನಿಮ್ಮವರೇ ಹೇಳಿದ್ರಲ್ಲ."

"ನನ್ನ ಎದೇಲೇ ಗಾಳಿ ಇಲ್ಲ, ಇವಳು ತಾರಸೀಲಿ ಹುಡುಕ್ತಾಳೆ" ಎಂದು ಅತ್ತೆ ನಕ್ಕಳು. ನಗು ಕೆಮ್ಮಾಯಿತು.

ಅವನು ಮೀಟರು ತೋರಿಸಿದ. ಅಂಕಿ ನೋಡಿ ಹೊಲಿಗೆಯಾಕೆಯ ಮುಖ ಅರಳಿತು. "ಇಷ್ಟೊಂದಾ? ಮೇಲೆ ಹೊದಿಕೆ ಒಣಗೋಕೆ ಮಾತ್ರ ಎರಡು ದಿನ ಹಿಡಿಯುತ್ತೆ. ಈ ಗಾಳೀನೂ ನನ್ನ ಗಿರಾಕಿಗಳ ಹಾಗೇ ಆಯ್ತು. ಅಳತೆ ಕೊಡೋವಾಗ ಹೊಟ್ಟೆ ಒಳಗೆಳ್ಕೊಂಡು ನಿಲ್ತಾರೆ, ಆಮೇಲೆ ಗುಂಡಿ ಹಾಕೋಕಾಗಲ್ಲ ಅಂತ ನನ್ನ ಹತ್ರ ಜಗಳ."

ತಮಾಷೆಗೆ ಆಡಿದ ಮಾತು. ಅವನು ಮಾತ್ರ ಮೀಟರನ್ನು ಹಿಂದಕ್ಕೆ ತೆಗೆದುಕೊಂಡ.

"ಮೆಷಿನ್ ಮಾರಬೇಡಿ" ಎಂದ. "ಇದು ಒಂದು ಗಳಿಗೆಯ ಗಾಳಿ. ಉಳಿದ ಹೊತ್ತೆಲ್ಲ ಅಂಕಿ ಮೇಲಕ್ಕೇಳಲೇ ಇಲ್ಲ. ಚಕ್ರ ತುಕ್ಕು ಹಿಡಿಯೋವರೆಗೂ ಕಾದ್ರೂ ನಿಮ್ಮ ದುಡ್ಡು ವಾಪಸ್ ಬರಲ್ಲ. ಇವರ ಯಂತ್ರವೂ ನಡೆಯಲ್ಲ."

ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. "ಹಾಗಾದ್ರೆ ಏನ್ಮಾಡ್ಲಿ?" ಎಂದು ಕೇಳಿದಳು.

ನಿಜ ಹೇಳಿದರೆ ಮನಸ್ಸು ನಿರಾಳವಾಗುತ್ತದೆ ಎನ್ನುತ್ತಾರೆ. ಅವನಿಗೆ ಹಾಗೇನೂ ಆಗಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಅರೆಬರೆ ತುಂಬಿದ್ದ ಬ್ಯಾಟರಿ ಸ್ವಲ್ಪ ಹೊತ್ತು ಎಳೆದು ಕೈಕೊಟ್ಟಿತು, ಯಂತ್ರ ಕೀ ಎಂದು ಕೂಗಿ ನಿಂತಿತು. ಸೊಸೆ ಅತ್ತೆಯನ್ನು ಎಬ್ಬಿಸಿ ಎದೆಗೆ ಒರಗಿಸಿಕೊಂಡಳು. ಅವನು ಮೇಜಿನ ಮೇಲಿದ್ದ, ಅಂಗಿಯ ಅಳತೆಗೆ ಕತ್ತರಿಸಿಟ್ಟಿದ್ದ ರಟ್ಟನ್ನು ಎತ್ತಿಕೊಂಡು ಅತ್ತೆಯ ಮುಖಕ್ಕೆ ಬೀಸತೊಡಗಿದ. ಮೇಲಧಿಕಾರಿಯ ಕರೆಗೆ ಜೇಬಿನಲ್ಲಿ ಅವನ ಫೋನ್ ಬಡಿದುಕೊಳ್ಳುತ್ತಿತ್ತು. ತೆಗೆಯಲಿಲ್ಲ.

"ಈ ಗಾಳಿ ಎಷ್ಟಿದೆಯಪ್ಪಾ? ಅಳೆದು ಹೇಳು" ಎಂದಳು ಅತ್ತೆ, ಏದುಸಿರಿನ ನಡುವೆ.

"ಸಾಲಲ್ಲ ಅಮ್ಮ" ಎಂದ ಅವನು, ಬೀಸುತ್ತಲೇ.