ಎದುರಿಗೆ ಅಮೆರಿಕ ಇರುವ ಜೆಟ್ಟಿ

ಪೋರ್ಟ್‌ಗ್ಲಾಸಿನಲ್ಲಿ ದೋಣಿ ಕಟ್ಟುವ ಜೆಟ್ಟಿಯನ್ನು ಯಾಕೆ ಮುಚ್ಚಿದಿರಿ ಎಂದು ಕೇಳಿ ನೋನಿ ಲವೆಲ್ ರಾಜಧಾನಿ ಡಬ್ಲಿನ್ನಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದಳು. ಬಂದ ಉತ್ತರವನ್ನು ತನ್ನ ದೋಣಿ 'ಅಸಂಪ್ಟಾ'ದ ಚುಕ್ಕಾಣಿ ಕೋಣೆಯಲ್ಲಿ, ನಾವಿಕರನ್ನು ಕಾಯುವ ಸಂತ ಬ್ರೆಂಡನ್ನನ ಚಿತ್ರದ ಪಕ್ಕದಲ್ಲೇ ಅಂಟಿಸಿಕೊಂಡಿದ್ದಳು. ಚಹಾ ಕುಡಿಯಲು ಒಳಗೆ ಬಂದವರಿಗೆಲ್ಲ ಅದನ್ನು ಪಾದ್ರಿಯ ಧಾಟಿಯಲ್ಲಿ ಓದಿ ಹೇಳುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು:

"ಜೆಟ್ಟಿಯ ಕುರಿತ ಇಂಜಿನಿಯರರ ವರದಿಯನ್ನು ಬಹಿರಂಗಪಡಿಸುವುದು ರಾಜ್ಯದ ಭದ್ರತೆಗೂ ವಿದೇಶಾಂಗ ಸಂಬಂಧಗಳಿಗೂ ಧಕ್ಕೆ ತರುವುದೆಂದು ಸಚಿವರಿಗೆ ಮನವರಿಕೆಯಾಗಿರುವುದರಿಂದ, ಸದರಿ ವರದಿಯನ್ನು ಈ ಪ್ರಮಾಣಪತ್ರದ ಮೂಲಕ ತಡೆಹಿಡಿಯಲಾಗಿದೆ."

ಕೆಳಗೆ ಬಂದರು ಸಚಿವ ಕಾರ್ಮಾಕ್ ಗಿಂಟಿಯ ಸಹಿ. ಇದೇ ಊರಿನವರ ಮತದಿಂದ ಗೆದ್ದವನು. ನೋನಿ ಮೇಲ್ಮನವಿಗೂ ಹೋಗಿ ನೋಡಿದಳು. ಸಚಿವರು ಇಂಥ ಪತ್ರಕ್ಕೆ ಸಹಿ ಹಾಕಿದ ಮೇಲೆ ನಮ್ಮ ಕೈ ಕಟ್ಟಿದ ಹಾಗೆ ತಾಯಿ, ಎಂದು ಅಲ್ಲಿಯವರು ಕೈಚೆಲ್ಲಿದರು.

"ಭದ್ರತೆ ಸರಿ, ವಿದೇಶ ಎಲ್ಲಿಂದ ಬಂತೇ ಇದರಲ್ಲಿ?" ಎಂದು ಕೇಳಿದವನು ಪ್ಯಾಚ್. ಮೀನುಗಾರಿಕೆ ಬಿಟ್ಟ ಮೇಲೆ ಜೆಟ್ಟಿಯ ಮೇಲೆ ಕೂತು ಲೋಕದ ವಿಚಾರಣೆ ಮಾಡುವುದೇ ಅವನ ಕಸುಬು.

"ಎದುರಿಗೆ ಅಮೆರಿಕ ಇಲ್ವೇನೋ?"

ಪ್ಯಾಚ್ ಕಣ್ಣು ಕಿರಿದುಮಾಡಿ ಅಟ್ಲಾಂಟಿಕ್ ಸಾಗರವನ್ನು ನೋಡಿದ. "ಇದೆ ಬಿಡು. ನಡುವೆ ಒಂದಿಷ್ಟು ನೀರು."

ನೋನಿ ನಗಾಡುತ್ತಿದ್ದಳು, ನಿಜ. ಆದರೆ ಒಳಗೊಳಗೇ ಬೆಂದು ಹೋಗಿದ್ದಳು. ಜೆಟ್ಟಿ ಪ್ರಯಾಣಿಕರಿಗೆ ಬಂದ್ ಆದಮೇಲೆ ಇನಿಶ್‌ಡೂನ್ ದ್ವೀಪಕ್ಕೆ ಹೋಗುವವರನ್ನು ಪಕ್ಕದ ರೋಸ್‌ಬೆಗ್ಗಿನಿಂದ ಹತ್ತಿಸಿಕೊಳ್ಳಬೇಕಿತ್ತು. ರೋಸ್‌ಬೆಗ್ಗೋ, ಇಳಿತ ಶುರುವಾದರೆ ಬರೀ ಕೆಸರು. ಅಲ್ಲಿ ದೋಣಿ ತರುವುದೂ ಒಂದೇ, ಗದ್ದೆಗೆ ಇಳಿಸುವುದೂ ಒಂದೇ. ಅರ್ಧ ದಿನ ಅಸಂಪ್ಟಾ ಸುಮ್ಮನೆ ನಿಂತಿರುತ್ತಿತ್ತು. ಪೋರ್ಟ್‌ಗ್ಲಾಸಿನಿಂದ ಜನ ಹತ್ತಿಸಬೇಕಾದರೆ ಜೆಟ್ಟಿಯಲ್ಲಿ ದೋಷವಿಲ್ಲ ಅಂತ ಕಾಗದ ತನ್ನಿ ಎಂದು ವಿಮೆಯವರು ಪಟ್ಟು ಹಿಡಿದಿದ್ದರು. ಬೇಸಿಗೆ ಹೀಗೇ ಕಳೆದರೆ ದೋಣಿ ಮಾರುವುದೊಂದೇ ದಾರಿ. ಗಂಡ ಹೋದಮೇಲೆ ಅವಳಿಗೆ ಉಳಿದಿದ್ದೇ ಆ ದೋಣಿ.

ಹೀಗಿರುವಾಗ ದ್ವೀಪದಲ್ಲಿ ಮುದುಕ ಮ್ಯಾಟಿ ಪ್ಯಾಡನ್ ತೀರಿಕೊಂಡ.

ಆ ಕಡೆಯ ರಾಜಕಾರಣಿ ಮದುವೆ ತಪ್ಪಿಸಿಕೊಳ್ಳಬಹುದು, ತನ್ನದೇ ಮದುವೆಯಾದರೂ ಸರಿಯೇ. ಸಾವಿನ ಮನೆ ತಪ್ಪಿಸಿಕೊಂಡನೋ, ಕತೆ ಮುಗಿಯಿತು. ಅದರಲ್ಲೂ ಪ್ಯಾಡನ್ನರ ಸಾವು! ಆ ಕುಟುಂಬದಲ್ಲಿ ಬದುಕಿರುವವರೆಲ್ಲ ತಪ್ಪದೆ ಮತ ಹಾಕುವವರು. ಸತ್ತವರಲ್ಲೂ ಕೆಲವರು ಹಾಕುತ್ತಾರೆಂದು ಗಾಳಿಮಾತು.

ಬೆಳಗಿನ ಉಬ್ಬರದಲ್ಲಿ ನೋನಿ ಬಂಧುಬಳಗವನ್ನೆಲ್ಲ ರೋಸ್‌ಬೆಗ್ಗಿನಿಂದ ದಾಟಿಸಿ ಬಂದಳು. ಅಷ್ಟರಲ್ಲಿ ಅಲ್ಲಿ ನೀರು ಇಳಿದಿತ್ತು. ದೋಣಿಯನ್ನು ಪೋರ್ಟ್‌ಗ್ಲಾಸಿಗೆ ತಂದು ಕಟ್ಟಿ, ಪ್ಯಾಚ್‌ನ ಜೊತೆ ಚಹಾ ಕುಡಿಯುತ್ತ ಕೂತಳು. ಆಗ ಕರಿ ಕಾರೊಂದು ಬಂದು ಗಕ್ಕನೆ ನಿಂತಿತು. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ಸಚಿವ ಗಿಂಟಿ ಇಳಿದ. ಹಿಂದೆಯೇ ಅವನ ಕಾರ್ಯದರ್ಶಿ ಊನಾ, ಎದೆಗೆ ಚೀಲ ಅವುಚಿಕೊಂಡು.

"ನೋನಿ! ಸದ್ಯ, ಸಿಕ್ಕಿದ್ರಲ್ಲ! ನನ್ನನ್ನ ದ್ವೀಪಕ್ಕೆ ಬಿಟ್ಟುಬಿಡಿ."

ನೋನಿ ಅವನನ್ನು ಮೂಗು ಸೋರುವ ಕಾಲದಿಂದ ಬಲ್ಲವಳು. "ರೋಸ್‌ಬೆಗ್ಗಿಗೆ ಹೋಗಪ್ಪ. ಅಲ್ಲಿಂದ ಹತ್ತಿಸ್ಕೋತೀನಿ."

"ಅಲ್ಲಿಂದಲೇ ಬಂದೆ. ಅಲ್ಲಿ ನೀರೇ ಇಲ್ಲ!"

"ಸಂಜೆಗೆ ಬರುತ್ತೆ."

"ಸಂಜೆ ಹೊತ್ತಿಗೆ ಮ್ಯಾಟಿಯನ್ನ ಮಣ್ಣು ಮಾಡಿರ್ತಾರೆ!"

"ಮ್ಯಾಟಿ ಏನೂ ಬೇಜಾರು ಮಾಡ್ಕೊಳಲ್ಲ ಬಿಡು."

ಪ್ಯಾಚ್ ಚಹಾ ಊದಿಕೊಳ್ಳುತ್ತ ಬಾಯಿ ಹಾಕಿದ. "ಆ ಬ್ರೀಜ್ ಹೋದ್ಲು ನೋಡು, ಮೊದಲ್ನೇ ದೋಣೀಲೇ. ಜೊತೇಲಿ ಹ್ಯಾಮ್ ಸ್ಯಾಂಡ್‌ವಿಚ್ಚು, ಒಂದು ದೊಡ್ಡ ತಟ್ಟೆ. ಪೆಟ್ಟಿಗೆಗೆ ಹೆಗಲು ಕೊಡ್ತೀನಿ ಅಂತಿದ್ಲು."

ಬ್ರೀಜ್ ಎಂದರೆ ಮುಂದಿನ ಚುನಾವಣೆಯಲ್ಲಿ ಗಿಂಟಿಯ ಎದುರಾಳಿ. ಅವನ ಮುಖ ಬಿಳಿಚಿಕೊಂಡಿತು.

"ನೋನಿ, ಇಲ್ಲಿಂದಲೇ ಹೊರಡೋಣ."

"ಅಯ್ಯೋ, ಆಗಲ್ಲಪ್ಪ. ಈ ಜೆಟ್ಟಿ ಅಪಾಯ."

"ಯಾರು ಹೇಳಿದ್ದು?"

"ನೀನೇ. ಅಗೋ, ಬೋರ್ಡು."

"ಅದು... ಅಷ್ಟೇನೂ ಅಪಾಯ ಇಲ್ಲ."

"ಮತ್ತೆ ಎಷ್ಟಿದೆ?"

"ಅದನ್ನ ಹೇಳೋ ಹಾಗಿಲ್ಲ."

"ರಾಜ್ಯದ ಭದ್ರತೆ," ಎಂದು ಪ್ಯಾಚ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ನೋಡು ಮಗಾ," ನೋನಿ ಲೋಟ ಕೆಳಗಿಟ್ಟಳು. "ನಾನು ಕಾನೂನಿಗೆ ಹೆದರೋ ಹೆಂಗಸು. ಕೆಳಗೆ ಏನು ಹೂತಿಟ್ಟಿದೀರೋ ನಂಗೇನು ಗೊತ್ತು? ಬಾಂಬು ಅಂತಾನೆ ಇವನು."

"ಜಲಾಂತರ್ಗಾಮಿ ಅಂದಿದ್ದು," ಪ್ಯಾಚ್ ತಿದ್ದಿದ. "ರಷ್ಯಾದವರದ್ದು."

"ಸಚಿವರೇ ನಮ್ಮ ಜೆಟ್ಟಿ ಮೇಲೆ ಸಿಡಿದುಹೋದ್ರೆ ಊರಿಗೆ ಕೆಟ್ಟ ಹೆಸರು," ಎಂದಳು ನೋನಿ.

ಅಷ್ಟರಲ್ಲಿ ನೀರಿನಾಚೆಯಿಂದ ದ್ವೀಪದ ಚರ್ಚಿನ ಗಂಟೆ ಕೇಳಿಸಿತು. ಢಣ್. ಸ್ವಲ್ಪ ತಡೆದು ಮತ್ತೆ ಢಣ್. ಹೆಗಲಿನ ಮೇಲೆ ಮ್ಯಾಟಿಯನ್ನೂ ಅವನ ಕುಟುಂಬದ ಮತಗಳನ್ನೂ ಹೊತ್ತು ನಡೆಯುತ್ತಿರುವ ಬ್ರೀಜ್ ಗಿಂಟಿಯ ಕಣ್ಣ ಮುಂದೆ ಬಂದಿರಬೇಕು. ಅವನ ಸಹನೆಯ ಕಟ್ಟೆಯೊಡೆಯಿತು.

"ಬಾಂಬೂ ಇಲ್ಲ, ಗೀಂಬೂ ಇಲ್ಲ! ಜೆಟ್ಟಿ ಕಲ್ಲಿನ ಹಾಗಿದೆ! ಪೋಸ್ಟರಿಗೆ ಅಂತ ಫೋಟೋ ತೆಗೆಸ್ಕೊಳ್ಳೋಕೆ ಬಂದಿದ್ದೆ ಚಳಿಗಾಲದಲ್ಲಿ. ಹೊಸ ಬೂಟು, ಇಟಲಿದು. ಪಾಚಿ ಮೇಲೆ ಜಾರಿ ಸೀದಾ ನೀರಿಗೆ ಬಿದ್ದೆ, ಸಾಕಾ? ಜೆಟ್ಟಿ ಸರಿಯಿಲ್ಲ, ಮುಚ್ಚಿ ಅಂದೆ. ಆಮೇಲೆ ಆ ದರಿದ್ರ ಇಂಜಿನಿಯರ್ ಬಂದು..." ಕಾರ್ಯದರ್ಶಿಯ ಚೀಲದತ್ತ ಕೈ ತೋರಿಸಿದ. "ಊನಾ, ಆ ವರದಿ ತೋರಿಸು ಇವರಿಗೆ."

"ಸರ್, ಅದರ ಮೇಲೆ ತಡೆ ಇದೆ," ಎಂದಳು ಊನಾ.

"ಹಾಕಿದ್ದು ಯಾರು?"

"ನೀವೇ ಸರ್."

"ಹಾಗಾದ್ರೆ ತೆಗೆದೆ!"

"ಬರೆದುಕೊಡಬೇಕು ಸರ್. ಬಾಯಲ್ಲಿ ಹೇಳಿದ್ರೆ ನಡೆಯಲ್ಲ."

ಏಡಿ ಹಿಡಿಯುವ ಬುಟ್ಟಿಯೊಂದನ್ನು ಬೋರಲು ಹಾಕಿ, ಪ್ಯಾಚ್‌ನ ಬೆನ್ನಿನ ಮರೆಯಲ್ಲಿ ಗಾಳಿಗೆ ಕಾಗದ ಹಾರದಂತೆ ಹಿಡಿದು, ಸಚಿವ ತನ್ನ ಪ್ರಮಾಣಪತ್ರವನ್ನು ತಾನೇ ರದ್ದು ಮಾಡಿದ. ಜೆಟ್ಟಿ ತೆರೆಯುವ ಆದೇಶವನ್ನೂ ಊನಾ ಅಲ್ಲೇ ಬರೆದು ಮುಂದಿಟ್ಟಳು. ಅವಳ ಕೈ ಎಷ್ಟು ಚುರುಕಾಗಿತ್ತೆಂದರೆ, ಈ ದಿನಕ್ಕಾಗಿ ಅವಳೂ ಕಾದಿದ್ದಳೇನೋ ಎಂದು ನೋನಿಗೆ ಅನುಮಾನ ಬಂತು.

ನೋನಿ ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು ವರದಿ ಓದಿದಳು. ಗಂಟೆ ಮೊಳಗುತ್ತಲೇ ಇತ್ತು. ಸಚಿವ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದ. ಕೊನೆಯ ಸಾಲಿಗೆ ಬಂದಾಗ ಅವಳ ದನಿ ತಾನಾಗಿಯೇ ಏರಿತು: "ಜೆಟ್ಟಿಯಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಸಚಿವರ ಪಾದರಕ್ಷೆಯ ತಪಾಸಣೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲವಾದರೂ, ಅಗತ್ಯವೆಂದು ತೋರುತ್ತದೆ."

ಪ್ಯಾಚ್ ಚಹಾವನ್ನು ಮೂಗಿನಿಂದ ಹೊರಗೆ ಬಿಟ್ಟ.

ನೋನಿ ನಗಲಿಲ್ಲ. ಕಾಗದಗಳನ್ನು ಮಡಿಚಿ ಮಳೆಯಂಗಿಯ ಒಳಜೇಬಿಗೆ ಸೇರಿಸಿ, ಮೇಲಿನಿಂದ ಎರಡು ಸಲ ತಟ್ಟಿ ನೋಡಿಕೊಂಡಳು. ಆಮೇಲೆ ಗಿಂಟಿಯ ಕಾಲಿನತ್ತ ಕಣ್ಣು ಹೋಯಿತು.

"ಅವೇ ಬೂಟಾ?"

"...ಹೂಂ."

"ಬಿಚ್ಚು. ಜೆಟ್ಟಿ ಮೇಲೆ ನಂಗೆ ನಂಬಿಕೆ ಇದೆ, ಅವುಗಳ ಮೇಲಿಲ್ಲ."

ಹೀಗಾಗಿ ಸಚಿವ ಗಿಂಟಿ ನೋನಿಯ ಗಂಡನ ಹಳದಿ ರಬ್ಬರ್ ಬೂಟು ತೊಟ್ಟು ಇನಿಶ್‌ಡೂನ್‌ನಲ್ಲಿ ಇಳಿದ. ಪೆಟ್ಟಿಗೆ ಚರ್ಚಿನ ಬಾಗಿಲು ದಾಟುವಷ್ಟರಲ್ಲಿ ಹೋಗಿ ಹೆಗಲು ಕೊಟ್ಟ. ಬ್ರೀಜ್ ಒಂದು ಕಡೆ, ಹಳದಿ ಬೂಟು ಇನ್ನೊಂದು ಕಡೆ. ದ್ವೀಪದವರಿಗೆ ಬೂಟೇ ಹಿಡಿಸಿತು. ಡಬ್ಲಿನ್ ಸೇರಿದರೂ ಹುಡುಗ ನೆಲ ಮರೆತಿಲ್ಲ ಎಂದು ಮೆಚ್ಚಿಕೊಂಡರು.

ಮಣ್ಣು ಮಾಡಿ ಬಂದಮೇಲೆ ಮ್ಯಾಟಿಯ ಹೆಂಡತಿ ಹನೋರಾ ನೋನಿಯ ತೋಳು ಹಿಡಿದಳು. "ಪೋರ್ಟ್‌ಗ್ಲಾಸಿನಿಂದಲೇ ಕರ್ಕೊಂಡು ಬಂದ್ಯಂತೆ? ಜೆಟ್ಟಿ ತೆಗೆದ್ರಾ? ಹೆಂಗೇ ಒಪ್ಪಿದ ಅವನು? ಮತ್ತೆ ಆ ಬೂಟು ಯಾಕೆ?"

ದೂರದಲ್ಲಿ ಸ್ಯಾಂಡ್‌ವಿಚ್ಚು ಕೈಯಲ್ಲಿ ಹಿಡಿದು ನಿಂತಿದ್ದ ಗಿಂಟಿ ಅಗಿಯುವುದನ್ನೇ ನಿಲ್ಲಿಸಿದ.

ನೋನಿ ಒಳಜೇಬನ್ನು ಇನ್ನೊಮ್ಮೆ ತಟ್ಟಿ ನೋಡಿಕೊಂಡಳು. ನಾಳೆ ಬೆಳಿಗ್ಗೆ ವಿಮೆಯವರ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿರಬೇಕು.

"ಅದನ್ನ ಹೇಳೋ ಹಾಗಿಲ್ಲ ಕಣೇ ಹನೋರಾ," ಎಂದಳು, ಪಡುವಣದ ಕಡೆ ಗದ್ದ ಎತ್ತಿ ತೋರಿಸುತ್ತ. "ಎದುರಿಗೆ ಅಮೆರಿಕ ಇದೆ."