ಎಣಿಕೆಗಿಟ್ಟ ಹೆಸರು

ಆಫೀಸಿನಲ್ಲಿ ಅವಳಿಗೆ ‘ಹೆಸರಿನತ್ತೆ’ ಅಂತ ಅಡ್ಡಹೆಸರು. ಸುಮ್ಮನೆ ಬಂದದ್ದಲ್ಲ ಬಿಡಿ. ಬೇಕರಿಯ ದೊಡ್ಡ ಓವನ್‌ಗಳನ್ನು ನಡೆಸುವ ಸಿ ಪ್ರೋಗ್ರಾಮನ್ನು ಯಾರೇ ಬರೆಯಲಿ, ಅದರೊಳಗಿನ ಒಂದೊಂದು ಹೆಸರೂ ಇವಳ ಕೈ ದಾಟಿಯೇ ಹೋಗಬೇಕು. ಬದಲಾಗುವ ಬೆಲೆ ಹಿಡಿದಿಡುವ ವೇರಿಯಬಲ್ ಆದರೆ ಸಣ್ಣಕ್ಷರ, ಪದಗಳ ನಡುವೆ ಅಡಿಗೆರೆ. ಎಂದೂ ಬದಲಾಗದ ಬೆಲೆಗೆ ದೊಡ್ಡಕ್ಷರ. ಹೆಸರು ಓದಿದರೆ ಕೆಲಸ ತಿಳಿಯಬೇಕು. ಒಬ್ಬ ಮಹಾಶಯ ತನ್ನ ನಾಯಿಯ ಹೆಸರಿಟ್ಟು ಚೆನ್ನಾಗಿ ಉಗಿಸಿಕೊಂಡಿದ್ದ.

ಆ ಪ್ರೋಗ್ರಾಮ್ ಬರೆಯುವವರಲ್ಲೊಬ್ಬನಾದ ಗಂಡ ಕೂರುವುದೂ ಅದೇ ಮಹಡಿಯಲ್ಲಿ, ನಾಲ್ಕು ಮೇಜಿನಾಚೆ. ಮಾತುಕತೆ ಮಾತ್ರ ಕೆಲವು ತಿಂಗಳಿಂದ ಅಷ್ಟಕ್ಕಷ್ಟೆ. ಎಂಟು ತಿಂಗಳು ತುಂಬಿದ್ದ ಮಗು ಹೊಟ್ಟೆಯಲ್ಲೇ ಹೋಗಿಬಿಟ್ಟಿತ್ತು. ಗಂಡಾದರೂ ಹೆಣ್ಣಾದರೂ ಒಪ್ಪುವ ಒಂದು ಹೆಸರನ್ನು ಇಬ್ಬರೂ ಸೇರಿ, ಜಗಳಾಡಿ, ಆರಿಸಿಟ್ಟಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಆ ಹೆಸರೆತ್ತಲಿಲ್ಲ, ಒಂದು ಹನಿ ಕಣ್ಣೀರೂ ಹಾಕಲಿಲ್ಲ. “ನಿಮ್ದು ಎದೆನೋ ಕಲ್ಲೋ?” ಎಂದು ಅವಳು ಕೇಳಿಯೂ ಬಿಟ್ಟಿದ್ದಳು.

ಅಂದು ತಪಾಸಣೆಯಲ್ಲಿ ನಿಯಮ ಮೀರಿದ ನಲವತ್ಮೂರು ಹೆಸರು ಸಿಕ್ಕವು. ಅಷ್ಟನ್ನೂ ಓದುವ ಪುರುಸೊತ್ತು ಯಾರಿಗಿದೆ? ಎಲ್ಲವನ್ನೂ ಒಟ್ಟಿಗೆ ಆರಿಸಿ, ಯಾವಾಗಲೂ ಹಾಕುವ ಅದೇ ಸಾಲನ್ನು ಅಂಟಿಸಿ ಬರೆದವರಿಗೆ ಕಳಿಸಿದಳು: ‘ಈ ಹೆಸರಿಗೆ ಇಲ್ಲಿ ಕೆಲಸವಿಲ್ಲ. ತೆಗೆಯಿರಿ.’ ಊಟ ಮುಗಿಸಿ ಬರುವಷ್ಟರಲ್ಲಿ ಗಂಡನ ಉತ್ತರ ಬಂದಿತ್ತು. ‘ತೆಗೆದೆ.’

ಯಾವುದಪ್ಪ ಎಂದು ತೆರೆದಳು. ತೆಗೆದ ಸಾಲು ಕೆಂಪಿನಲ್ಲಿ, ಹೊಸದು ಹಸಿರಿನಲ್ಲಿ. ಕೆಂಪಿನಲ್ಲಿದ್ದದ್ದು ಮಗುವಿನ ಹೆಸರು. ಓವನ್ ಹೊತ್ತಿದ ಗಳಿಗೆಯಿಂದ ಸೆಕೆಂಡಿಗೊಂದರಂತೆ ಏರುತ್ತ ಹೋಗುವ ಎಣಿಕೆಗೆ ಅವನು ಅದನ್ನಿಟ್ಟಿದ್ದ. ಅಯ್ಯೋ, ಈ ಕೈ ಮುರಿದುಹೋಗಬಾರದಿತ್ತೇ!

ಎದ್ದು ಓಡಿದಳು. ಅವನು ಕೀಬೋರ್ಡಿನ ಮೇಲೆ ಕೈಯಿಟ್ಟು ಕೂತಿದ್ದ.

“ರೀ, ನಾನು ನೋಡ್ಲಿಲ್ಲ. ದೇವರಾಣೆ ನೋಡ್ಲಿಲ್ಲ. ವಾಪಸ್ ಹಾಕಿ.”

“ಬಿಡು. ನಿಯಮ ಎಲ್ಲರಿಗೂ ಒಂದೇ ಅಲ್ವಾ.” ಪರದೆಯ ಮೇಲಿನ ಕೆಂಪು ಸಾಲನ್ನು ತೋರಿಸಿ ಹೇಳಿದ: “ಅಲ್ಲಾದ್ರೂ ಬೆಳೀಲಿ ಅಂತ ಇಟ್ಟಿದ್ದೆ.”

ಅವಳು ಅವನ ತೋಳು ಹಿಡಿದುಕೊಂಡಳು. ಸುತ್ತಲಿನವರು ನೋಡುತ್ತಿದ್ದರು, ನೋಡಲಿ. “ಒಂದೇ ಒಂದ್ಸಲ ಆ ಹೆಸರು ಹಿಡಿದು ಕರೀರಿ. ನಿಮ್ಮ ಬಾಯಲ್ಲಿ ಕೇಳ್ಬೇಕು ನಾನು.”

ಅವನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಇನ್ನೊಮ್ಮೆ ಬಾಯಿ ತೆರೆದ.

“ಬರೆಯೋಕೆ ಆಗ್ತಿತ್ತು ಕಣೇ,” ಎಂದ. “ಕರೆಯೋಕೆ ಆಗ್ತಿಲ್ಲ.”